ಮೇಜಿನಲ್ಲಿ ಬಿಟ್ಟ ಎಡೆ

ನಮ್ಮ ಮನೆಗೆ ಊಟದ ಮೇಜು ಬಂದುದು 2023ರ ದಸರೆಗೆ. ಅದಕ್ಕೆ ಮೊದಲು ಇಚಲಕರಂಜಿಯ ನಮ್ಮ ಮನೆಯಲ್ಲಿ ಮೇಜೇ ಇರಲಿಲ್ಲವೆಂದಲ್ಲ. ಪಡಸಾಲೆಯಲ್ಲಿ ಲೆಕ್ಕದ ಪುಸ್ತಕಗಳನ್ನೂ ಮಕ್ಕಳ ದಫ್ತರಗಳನ್ನೂ ಹೊತ್ತುಕೊಂಡು ಒಂದು ಮೇಜು ನಿಂತಿತ್ತು. ಆದರೆ ಅದರ ಮೇಲೆ ಯಾರೂ ಉಣ್ಣುತ್ತಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಮಣೆ ಹಾಕಿ, ಸಾಲಾಗಿ ಕುಳಿತು ಉಣ್ಣುವುದು ಹಿರಿಯರಿಂದ ಬಂದ ರೂಢಿ. ಅದನ್ನು ಮುರಿಯುವ ಮನಸ್ಸು ನಮಗೂ ಇರಲಿಲ್ಲ.

ರೂಢಿಯನ್ನು ಮುರಿದದ್ದು ಅವ್ವನ ಮೊಣಕಾಲು. ಗಡಹಿಂಗ್ಲಜದ ಹಳೆಯ ಮನೆಯನ್ನು 2022ರಲ್ಲಿ ಇಳಿಸಿದ ಮೇಲೆ ಅವ್ವ ನಮ್ಮಲ್ಲಿಗೆ ಬಂದಳು. ನೆಲಕ್ಕೆ ಕುಳಿತರೆ ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು. ಇನ್ನೊಬ್ಬರಿಗೆ ತೊಂದರೆ ಕೊಡಲೊಲ್ಲದ ಸ್ವಭಾವ ಅವಳದು. ತನ್ನ ಮಂಚದ ಅಂಚಿನಲ್ಲಿ ಕುಳಿತು ಒಬ್ಬಳೇ ಉಣ್ಣತೊಡಗಿದಳು. ಮಕ್ಕಳಿಬ್ಬರೂ ಗಂಗಾಳ ಹಿಡಿದುಕೊಂಡು ಟಿವಿಯ ಮುಂದೆ ಕುಳಿತರು. ನಾವಿಬ್ಬರು ಮಗ್ಗದ ಪಾಳಿ ಮುಗಿದಾಗ, ಸಿಕ್ಕ ಹೊತ್ತಿನಲ್ಲಿ ಉಂಡೆವು. ಒಂದೇ ಮನೆಯಲ್ಲಿ ಮೂರು ಊಟಗಳಾದವು.

ಇದರಿಂದ ಆದ ನಷ್ಟ ಮೊದಮೊದಲು ನಮ್ಮ ಅರಿವಿಗೆ ಬರಲಿಲ್ಲ. ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಾರೆ; ಓಣಿಯಲ್ಲಿಯೂ ಪೇಟೆಯಲ್ಲಿಯೂ ಮರಾಠಿ. ಅದರ ಬಗ್ಗೆ ನಮಗೆ ಬೇಸರವಿಲ್ಲ. ಅನ್ನ ಕೊಟ್ಟ ಮಾತು ಅದು. ಆದರೆ ಕನ್ನಡ ಅವರ ಕಿವಿಗೆ ಬೀಳುತ್ತಿದ್ದುದು ಊಟದ ಹೊತ್ತಿನಲ್ಲಿ, ಅವ್ವನ ಬಾಯಿಯಿಂದ. ಒಂದು ಸಂಜೆ ಕಿರಿಯ ಮಗಳು ಅಜ್ಜಿಗೆ ನೀರು ಕೊಡುತ್ತ ಮರಾಠಿಯಲ್ಲಿ ಏನೋ ಕೇಳಿದಳು. ಅವ್ವ ಮರಾಠಿಯಲ್ಲಿಯೇ ಉತ್ತರ ಕೊಟ್ಟಳು. ಮಗುವಿಗೆ ತಿಳಿಯಲೆಂದು ಹಾಗೆ ಮಾಡಿದಳು, ತಪ್ಪೇನೂ ಇರಲಿಲ್ಲ. ಆದರೂ ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಎಲ್ಲರೂ ಒಟ್ಟಿಗೆ ಕೂಡುವಂಥ ಮೇಜೊಂದನ್ನು ಮಾಡಿಸಲೇಬೇಕೆಂದು ನಿಶ್ಚಯಿಸಿದೆವು.

ಪೇಟೆಯ ಮೇಜುಗಳನ್ನು ನೋಡಿ ಬಂದೆವು. ಎಲ್ಲವೂ ಉದ್ದನೆಯವು, ಒಂದು ತುದಿಗೆ ಯಜಮಾನ, ಇನ್ನೊಂದು ತುದಿಗೆ ಮಾತು ಕೇಳಿಸದ ಮುದುಕಿ. ನಮ್ಮ ಮನೆಯ ನೆಲವೋ ಶಹಾಬಾದ ಕಲ್ಲಿನದು, ಏರುತಗ್ಗು. ನಾಲ್ಕು ಕಾಲಿನ ಯಾವ ಮೇಜಿಟ್ಟರೂ ಒಂದು ಕಾಲಿನ ಕೆಳಗೆ ಮಡಿಸಿದ ಕಾಗದ ತುರುಕಬೇಕು. ಅವ್ವನಿಗಂತೂ ಮೇಜೆಂದರೆ ನಗೆ. “ಎತ್ತರಕ ಕುಂತು ಉಣ್ಣಾಕ ನಾ ಏನ ಮಾಮಲೇದಾರ ಏನು?” ಎಂದು ಕೇಳಿದಳು.

ಉತ್ತರ ಅವಳ ಗಂಟಿನಲ್ಲಿಯೇ ಇದ್ದಿತು. ಹಳೆಯ ಮನೆಯಿಂದ ತಂದ ಸಾಮಾನುಗಳ ನಡುವೆ ಒಂದು ಅಡ್ಡಣಿಗೆಯಿತ್ತು. ಈ ಕಡೆಯ ಹಿರಿಯ ಓದುಗರಿಗೆ ಅಡ್ಡಣಿಗೆಯನ್ನು ವಿವರಿಸಬೇಕಾಗಿಲ್ಲ, ಕಿರಿಯರಿಗಾಗಿ ಹೇಳುತ್ತೇವೆ. ಉಣ್ಣುವವರ ಮುಂದೆ ಇಟ್ಟು, ಮೇಲೆ ಗಂಗಾಳವನ್ನಿಡುವ ಮೂರು ಕಾಲಿನ ಕಿರುಪೀಠವದು. ಅವ್ವನ ಅಡ್ಡಣಿಗೆಯಲ್ಲಿ ಮೂರು ಮರದ ಕಾಲುಗಳು ನಡುವಿನಲ್ಲಿ ಒಂದನ್ನೊಂದು ಹಾಯ್ದು, ಒಂದು ಕಬ್ಬಿಣದ ಕೀಲಿನಲ್ಲಿ ಕೂಡಿದ್ದವು; ಸೊಂಟ ಕಿರಿದು, ಮೇಲೂ ಕೆಳಗೂ ಅಗಲ. ನೆಲ ಎಂಥದೇ ಇರಲಿ, ಮೂರು ಕಾಲಿನ ವಸ್ತು ಅಲುಗಾಡದು. ಮೂರು ಬಿಂದುಗಳು ಸದಾ ಒಂದೇ ಸಮತಲದಲ್ಲಿ ನಿಲ್ಲುತ್ತವೆ. ಇದನ್ನೇ ದೊಡ್ಡದು ಮಾಡಿದರೆ? ಒಬ್ಬರ ಗಂಗಾಳ ಹೊರುವ ಅಡ್ಡಣಿಗೆ ಇಡೀ ಮನೆಯ ಗಂಗಾಳಗಳನ್ನು ಹೊರಲಿ. ಕಾಲುಗಳು ಉಕ್ಕಿನವಾಗಲಿ, ಹಲಗೆ ಮರದ್ದಾಗಲಿ. ನಮ್ಮ ಯೋಜನೆ ಇಷ್ಟೇ.

ಮೇಜಿನ ಕಾಲುಗಳ ವಿಚಾರ ದೊಡ್ಡ ದೊಡ್ಡವರನ್ನೂ ಕಾಡಿದೆ. ಅಮೆರಿಕದ ವಾಸ್ತುಶಿಲ್ಪಿ ಈರೊ ಸಾರಿನೆನ್ ಮೇಜು ಕುರ್ಚಿಗಳ ಕೆಳಗಿನ ಕಾಲುಗಳ ಗೊಂದಲಕ್ಕೆ ಬೇಸತ್ತು, 1957ರ ವೇಳೆಗೆ ಒಂದೇ ದಂಟಿನ ಮೇಲೆ ಹೂವಿನಂತೆ ಅರಳಿ ನಿಲ್ಲುವ ಮೇಜನ್ನು ರೂಪಿಸಿದ. ನೋಡಲು ಹಗುರವಾದ ಆ ಮೇಜಿಗೆ ಬುಡದಲ್ಲಿ ಭಾರವಾದ ಎರಕದ ಪಾದ ಬೇಕಾಯಿತು. ಕಾಲುಗಳನ್ನು ಕಳೆದರೆ ಅವುಗಳ ಕೆಲಸವನ್ನು ಬೇರೊಂದು ಹೊರಲೇಬೇಕು. ಈ ಪಾಠ ನಮಗೂ ಮುಂದೆ ಆಯಿತು.

ಹಲಗೆ ದುಂಡಾಗಿರಬೇಕೆಂಬ ನಿಶ್ಚಯ ಖಿದ್ರಾಪುರದಲ್ಲಿ ಆಯಿತು. ಶಿರೋಳ ತಾಲೂಕಿನ ಈ ಊರಿನಲ್ಲಿ, ಕೃಷ್ಣೆಯ ದಡದ ಮೇಲೆ, 12ನೆಯ ಶತಮಾನದ ಶಿಲಾಹಾರರ ಕಾಲದ ಕೋಪೇಶ್ವರ ದೇವಾಲಯವಿದೆ. ಕನ್ನಡ ಶಾಸನಗಳೂ ಅಲ್ಲಿವೆ. ಅದರ ಸ್ವರ್ಗಮಂಟಪದ ನಡುವೆ ಚಾವಣಿಯಿಲ್ಲ. ಸುಮಾರು 13 ಅಡಿ ವ್ಯಾಸದ ದುಂಡನೆಯ ತೆರಪು, ಮೇಲೆ ಬರಿಯ ಆಕಾಶ. ಕೆಳಗೆ ಅದಕ್ಕೆ ನೇರವಾಗಿ ದುಂಡನೆಯ ಹಾಸುಗಲ್ಲು. ಸುತ್ತಲೂ ಚರಕಿಗೆ ಹಿಡಿದು ಕಡೆದಂತಹ ನುಣುಪಾದ ಕಂಬಗಳು. ಮಕ್ಕಳು ಆ ಹಾಸುಗಲ್ಲಿನ ಅಂಚಿನ ಸುತ್ತ ನಡೆದು, ಇದರಲ್ಲಿ ಮೊದಲು ಯಾವುದು, ಕೊನೆ ಯಾವುದು ಎಂದು ಕೇಳಿದರು. ದುಂಡಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಊಟಕ್ಕೆ ಕೂಡುವವರಿಗೆ ಇದಕ್ಕಿಂತ ಒಳ್ಳೆಯ ಆಕಾರ ಯಾವುದಿದೆ? ಮನೆಗೆ ಬಂದು ಲೆಕ್ಕ ಹಾಕಿದೆವು. 135 ಸೆಂಟಿಮೀಟರ್ ವ್ಯಾಸವಿಟ್ಟರೆ ಸುತ್ತಳತೆ 424 ಸೆಂಟಿಮೀಟರ್. ಒಬ್ಬರಿಗೆ 60 ಸೆಂಟಿಮೀಟರ್‌ನಂತೆ ಏಳು ಜನಕ್ಕೆ ಸ್ಥಳ.

ಮರ ನಮ್ಮಲ್ಲಿಯೇ ಇದ್ದಿತು. ಹಳೆಯ ಮನೆಯ ಪಾಲಿನಲ್ಲಿ ನಮಗೆ ಬಂದದ್ದು ಸಾಗವಾನಿಯ ಒಂದು ತೊಲೆ. ಹಿರಣ್ಯಕೇಶಿಯ ದಡದ ಆ ಊರಿನಲ್ಲಿ, ನಮ್ಮ ಮನೆತನಕ್ಕೆ ಮೊದಲಿನಿಂದ ಕೆಲಸ ಮಾಡಿಕೊಂಡು ಬಂದ ಬಡಿಗೇರರೊಬ್ಬರು ಅದನ್ನು ಕೊಯ್ಯಿಸಿ ಹಲಗೆ ಮಾಡಿ, ನೆರಳಿನಲ್ಲಿ ಒಣಹಾಕಿದರು. ನಮ್ಮ ನಕ್ಷೆಯಲ್ಲಿ ಹಲಗೆಯನ್ನು ಉಕ್ಕಿನ ಬಳೆಗೆ ಎಂಟು ಕಡೆ ಬಿಗಿಯಾಗಿ ಬೋಲ್ಟು ಹಾಕಿ ಕೂಡಿಸಿದ್ದೆವು. ಅವರು ಅದನ್ನು ನೋಡಿ ತಲೆಯಲ್ಲಾಡಿಸಿದರು.

“ಕಟಗಿ ಸತ್ತೈತಿ ಅಂತ ತಿಳಕೋಬ್ಯಾಡ್ರಿ. ಮಳಿಗಾಲದಾಗ ಅಡ್ಡಕ್ಕ ಉಬ್ಬತೈತಿ, ಬ್ಯಾಸಗ್ಯಾಗ ಕುಗ್ಗತೈತಿ. ಕಬ್ಬಣಕ್ಕ ಬಿಗದ ಕಟ್ಟಿದ್ರ ಸೀಳಿ ಹೋಗತೈತಿ. ಜರಾ ಸಂದು ಬಿಡ್ರಿ.”

ಅವರ ಮಾತನ್ನು ಅಂಕೆಗಳಲ್ಲಿ ಹಾಕಿ ನೋಡಿದೆವು. ಮರ ತನ್ನ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ. ಎಳೆಗೆ ಅಡ್ಡಲಾಗಿ ಬೆಳೆಯುತ್ತದೆ. ಹಲಗೆಯ ತೇವ ನೂರಕ್ಕೆ ನಾಲ್ಕರಷ್ಟು ಏರಿಳಿದರೆ, ನಮ್ಮ ಮೇಜಿನ ಅಗಲ ಆರರಿಂದ ಎಂಟು ಮಿಲಿಮೀಟರ್ ಹಿಗ್ಗಿ ಕುಗ್ಗಬಲ್ಲುದು. ಉಕ್ಕಾದರೋ 20 ಡಿಗ್ರಿ ಬಿಸಿ ಏರಿದರೂ ಅಷ್ಟೇ ಅಗಲಕ್ಕೆ ಅರ್ಧ ಮಿಲಿಮೀಟರ್ ಕೂಡ ಹಿಗ್ಗದು. ಒಂದು ನೀರಿಗೆ ಓಗೊಡುವುದು, ಇನ್ನೊಂದು ಬಿಸಿಗೆ. ಒಂದರ ಹೆಜ್ಜೆ ಇನ್ನೊಂದಕ್ಕೆ ಸಮನಲ್ಲ. ಎರಡನ್ನೂ ಒಟ್ಟಿಗೆ ಬಾಳಿಸಬೇಕಾದರೆ ನಡುವೆ ಒಂದೇ ಕಡೆ ಗಟ್ಟಿಯಾಗಿ ಹಿಡಿದು, ಅಂಚಿನ ಬೋಲ್ಟುಗಳಿಗೆ ಎಳೆಯ ಅಡ್ಡಕ್ಕೆ ಉದ್ದನೆಯ ರಂಧ್ರಗಳನ್ನು ಕೊರೆಯಬೇಕು. ಬೋಲ್ಟು ಹಲಗೆಯನ್ನು ಹಿಡಿದಿರುತ್ತದೆ, ಆದರೆ ಅಡ್ಡಗಟ್ಟುವುದಿಲ್ಲ. ನಕ್ಷೆ ತಿದ್ದಿದೆವು.

ಅಂಚಿಗೆ ಜಾಲಿಯ ಪಟ್ಟಿ ಕೂಡಿಸೋಣವೆಂದಾಗಲೂ ಅವರು ಬೇಡವೆಂದರು. ಹಳೆಯ ಹೊಸ್ತಿಲಿನ ಜಾಲಿಯ ತುಂಡೊಂದನ್ನು ತಂದು ತೋರಿಸಿದರು. ಮೊಳೆಯ ಸುತ್ತ ಮಸಿ ಚೆಲ್ಲಿದಂತೆ ಕಪ್ಪು. ಕೊಲ್ಲಾಪುರಿ ಚಪ್ಪಲಿಯ ತೊಗಲನ್ನು ಹದ ಮಾಡುವುದು ಜಾಲಿಯ ತೊಗಟೆಯಿಂದಲೇ ಅಲ್ಲವೇ? ಆ ಒಗರು ಕಬ್ಬಿಣವನ್ನೂ ನೀರನ್ನೂ ಕೂಡಿದರೆ ಮಸಿಯಾಗುತ್ತದೆ. ಸಾಗವಾನಿಯದು ಬೇರೆ ಗುಣ. ಅದರಲ್ಲಿಯ ಎಣ್ಣೆಯಂಶ ಕಬ್ಬಿಣವನ್ನು ಕಾಯುತ್ತದೆ. ಹಡಗು ಕಟ್ಟುವವರು ಅದನ್ನು ಮೆಚ್ಚಿದ್ದು ಇದಕ್ಕಾಗಿಯೂ ಹೌದು. ಅಂದ ಹಾಗೆ, ಆ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಗುರುತು ಕರ್ನಾಟಕ ಮಹಾರಾಷ್ಟ್ರ ಎರಡಕ್ಕೂ ಸೇರಿದ್ದೆಂಬುದನ್ನು ಗಡಿಯ ನಾವು ಸಂತೋಷದಿಂದ ನೆನೆಯಬಹುದು.

ಒಂದು ಹಲಗೆಯಲ್ಲಿ ಗೇಣುದ್ದದ ಬಿರುಕಿತ್ತು. ಅದನ್ನು ತೆಗೆದುಹಾಕುವ ಬದಲು ಬಡಿಗೇರರು ಡಮರುವಿನ ಆಕಾರದ ಎರಡು ಬೆಣೆಗಳನ್ನು ಅಡ್ಡಲಾಗಿ ಕೂಡಿಸಿ ಬಿರುಕು ಮುಂದುವರಿಯದಂತೆ ಮಾಡಿದರು. 1930ರ ದಶಕದ ಕೊನೆಯಲ್ಲಿ ಪುದುಚೇರಿಯ ಗೋಲ್ಕೊಂಡೆ ಕಟ್ಟಡದ ಕೆಲಸದಲ್ಲಿದ್ದು, ಮುಂದೆ ಅಮೆರಿಕದಲ್ಲಿ ಮರಗೆಲಸಕ್ಕೆ ಹೆಸರಾದ ಜಾರ್ಜ್ ನಕಾಶಿಮಾ ಕೂಡ ಇಂಥ ಬೆಣೆಗಳಿಂದಲೇ ಬಿರುಕುಗಳನ್ನು ಉಳಿಸಿಕೊಳ್ಳುತ್ತಿದ್ದ. ನಮ್ಮ ಬಡಿಗೇರರಿಗೆ ಅವನ ಹೆಸರು ಗೊತ್ತಿಲ್ಲ. ಕೈಗಳಿಗೆ ಗೊತ್ತಿದ್ದರೆ ಸಾಕು.

ಉಕ್ಕಿಗೆ ಕೈ ಹಾಕುವ ಮೊದಲು ಬಿದಿರು ಹಾಗೂ ಪ್ಲೈವುಡ್ಡಿನಲ್ಲಿ ಒಂದು ಮಾದರಿ ಕಟ್ಟಿದೆವು. ಸೊಂಟ ಸಣ್ಣಗೆ, ಕಾಲುಗಳು ಒಳಕ್ಕೆ ಸರಿದು, ನೋಡಲು ಬಲು ಸೊಗಸಾಗಿತ್ತು. ಅವ್ವನನ್ನು ಕೂಡಿಸಿದೆವು. ಕುಳಿತಳು, ಚೆನ್ನಾಗಿದೆ ಎಂದಳು. ಏಳುವಾಗ ರೂಢಿಯಂತೆ ಮುಂದಿನದರ ಮೇಲೆ ಕೈಯೂರಿದಳು. ಮೇಜು ಅವಳ ಕಡೆಗೇ ಮಗುಚಿತು. ನಮ್ಮ ಹಿರಿಯ ಮಗ ಹಿಡಿಯದಿದ್ದರೆ ಏನಾಗುತ್ತಿತ್ತೋ ನೆನೆಯಲಾರೆವು.

ಮಾಡಿದ ತಪ್ಪು ನಮ್ಮದೇ. ಅಂದವನ್ನು ನೋಡಿದೆವು, ಏಳುವವರನ್ನು ನೋಡಲಿಲ್ಲ. ಮೂರು ಕಾಲಿನ ಮೇಜು ಅಲುಗಾಡದು, ಆದರೆ ಮಗುಚಬಲ್ಲುದು. ಪಾದಗಳು ನಡುವಿನಿಂದ 40 ಸೆಂಟಿಮೀಟರ್ ದೂರವಿದ್ದರೆ, ಎರಡು ಪಾದಗಳನ್ನು ಕೂಡಿಸುವ ಗೆರೆ ನಡುವಿನಿಂದ 20 ಸೆಂಟಿಮೀಟರ್‌ಗೇ ಹಾಯುತ್ತದೆ. ಆ ಗೆರೆಯಾಚೆಗೆ ಬಿದ್ದ ಭಾರವೆಲ್ಲ ಮಗುಚುವ ಭಾರ. ಮೇಜಿನ ಒಟ್ಟು ತೂಕ 85 ಕಿಲೊ ಆದರೂ ಅಂಚಿನ ಮೇಲೆ 35 ಕಿಲೊ ಒತ್ತಡಕ್ಕೆ ಅದು ಎದ್ದುಬಿಡುತ್ತದೆ. ಪಾದಗಳನ್ನು 62 ಸೆಂಟಿಮೀಟರ್ ದೂರಕ್ಕೆ ಚಾಚಿದರೆ ಅದೇ ಮೇಜು 70 ಕಿಲೊಗೂ ಮಿಕ್ಕಿ ತಾಳುತ್ತದೆ. ಸೊಂಟ ಸಣ್ಣಗಿರಲಿ, ಪಾದ ಅಗಲಿಸಬೇಕು. ಹಾಗೆ ಮಾಡಿ ಅವ್ವನ ಅಡ್ಡಣಿಗೆಯನ್ನು ಪಕ್ಕದಲ್ಲಿಟ್ಟು ನೋಡಿದರೆ, ಅದರ ಪಾದಗಳು ಮೊದಲಿನಿಂದಲೂ ಅಷ್ಟೇ ಚಾಚಿಕೊಂಡಿದ್ದವು! ನಕಲು ಮಾಡುವಾಗ ನಾವು ಕಣ್ಣಿಗೆ ಒಪ್ಪಿದ್ದನ್ನಷ್ಟೇ ತೆಗೆದುಕೊಂಡಿದ್ದೆವು.

ಮೂರು ಕಾಲುಗಳು ಕೂಡುವ ನಡುಗಂಟನ್ನು ಬೀಡಿನಲ್ಲಿ ಎರಕ ಹೊಯ್ಯಿಸಲು ಕೊಲ್ಲಾಪುರಕ್ಕೆ ಹೋದೆವು. ಎರಕದ ಕಾರಖಾನೆಗಳಿಗೆ ಹೆಸರಾದ ಉದ್ಯಮನಗರವಿರುವ ಊರು ಅದು. ಲೋಹ ಹಾಗೂ ಮರ ಅಲ್ಲಿ ಹಳೆಯ ನೆಂಟರು. ಮೇಸ್ತ್ರಿ ಮನೆತನದಲ್ಲಿ ಹುಟ್ಟಿ, ಚಿತ್ರಕಾರನೂ ಶಿಲ್ಪಿಯೂ ಆದ ಬಾಬುರಾವ್ ಪೇಂಟರ್ (1890–1954) ತಾವೇ ಕಟ್ಟಿದ ಕ್ಯಾಮರಾದಿಂದ 1920ರಲ್ಲಿ ‘ಸೈರಂಧ್ರಿ’ ಚಿತ್ರವನ್ನು ಹೊರತಂದದ್ದು ಈ ಊರಿನಲ್ಲಿಯೇ. ಎರಕಕ್ಕೂ ಮೊದಲು ಬೇಕಾದದ್ದು ಮರ. ಮರದಲ್ಲಿ ಪ್ಯಾಟರ್ನು ಕಡೆದು, ಅದನ್ನು ಮರಳಿನಲ್ಲಿ ಒತ್ತಿ, ಉಳಿದ ಪೊಳ್ಳಿನಲ್ಲಿ ಕರಗಿದ ಲೋಹ ಸುರಿಯುತ್ತಾರೆ. ಪ್ಯಾಟರ್ನು ಮಾಡುವ ಹಿರಿಯರು ನಮ್ಮ ಅಳತೆಯನ್ನು ಕೇಳಿ, ತಮ್ಮ ಅಳತೆಗೋಲನ್ನು ತೆಗೆದರು. ಅದು ನಮ್ಮ ಗೋಲಿಗಿಂತ ತುಸು ಉದ್ದವಾಗಿತ್ತು. ತಪ್ಪು ಗೋಲಲ್ಲ, ಬೀಡು ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಉಕ್ಕಾದರೆ ಎರಡರಷ್ಟು. ಕುಗ್ಗುವುದನ್ನು ಮೊದಲೇ ಎಣಿಸಿ ಹಿಗ್ಗಿಸಿದ ಗೋಲದು. ಕಾಲುಗಳನ್ನು ಗಂಟಿಗೆ ಬೆಸುಗೆ ಹಾಕಬೇಡಿ, ಬೀಡು ಬೆಸುಗೆಯ ಬಿಸಿಗೆ ಬಿರಿಯುತ್ತದೆ, ಬೋಲ್ಟು ಹಾಕಿರಿ ಎಂಬ ಬುದ್ಧಿಮಾತನ್ನೂ ಅವರೇ ಹೇಳಿದರು.

ಹಲಗೆ ತಯಾರಾಯಿತು. ಗಡಹಿಂಗ್ಲಜದಿಂದ ಟೆಂಪೊ ಸಂಕೇಶ್ವರ, ನಿಪ್ಪಾಣಿಗಳನ್ನು ಹಾಯ್ದು, ಕಾಗಲದ ಬಳಿ ಮತ್ತೆ ಮಹಾರಾಷ್ಟ್ರಕ್ಕೆ ಬಂದಿತು. ಮಹಾರಾಷ್ಟ್ರದ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಲು ಕರ್ನಾಟಕವನ್ನು ದಾಟಬೇಕಾದ ನಮ್ಮ ಸೀಮೆಯ ವಿಚಿತ್ರ ಓದುಗರಿಗೆ ಹೊಸದಲ್ಲ. ಅಜ್ಜನ ಮನೆಯ ತೊಲೆ ಒಂದೇ ದಿನದಲ್ಲಿ ಎರಡು ಸಲ ಗಡಿ ದಾಟಿತು, ಅದಕ್ಕೇನೂ ಬಾಧಿಸಲಿಲ್ಲ.

ಉಕ್ಕಿನ ಕೆಲಸ ಇಚಲಕರಂಜಿಯಲ್ಲಿಯೇ ಆಯಿತು. 1904ರಲ್ಲಿ ವಿಠ್ಠಲರಾವ್ ದಾತಾರರು ಇಲ್ಲಿ ಮೊದಲ ವಿದ್ಯುನ್ಮಗ್ಗ ಹಾಕಿದಂದಿನಿಂದ ಈ ಊರಿಗೆ ಮಗ್ಗದ ಸಪ್ಪಳವೇ ಉಸಿರು. ಹಳೆಯ ಮಗ್ಗವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಚೌಕಟ್ಟು ಬೀಡಿನದು, ಆದರೆ ಲಾಳಿಯನ್ನು ಹೊಡೆಯುವ ಕೋಲು ಮರದ್ದು, ಲಾಳಿಯೂ ಮರದ್ದು, ಅದರ ಮೊನೆ ಮಾತ್ರ ಉಕ್ಕಿನದು. ಏಟು ತಾಳುವುದು ಮರ, ರೂಪ ಕಾಯುವುದು ಲೋಹ. ಮಗ್ಗದ ರಿಪೇರಿಯಲ್ಲಿ ತಲೆ ನರೆತ ಮಿಸ್ತ್ರಿಯೊಬ್ಬರು 12 ಮಿಲಿಮೀಟರ್ ದಪ್ಪ, 100 ಮಿಲಿಮೀಟರ್ ಅಗಲದ ಪಟ್ಟಿಗಳನ್ನು ಬಾಗಿಸಿ ಮೂರು ಕಾಲುಗಳನ್ನು ಮಾಡಿದರು. ಹಲಗೆಯ ಕೆಳಗಿನ ಬಳೆಯ ಎರಡು ತುದಿಗಳನ್ನು ಅವರು ಒಂದಕ್ಕೊಂದು ತಾಗಿಸಿಡಲಿಲ್ಲ. ನಡುವೆ ಎರಡು ಮೂರು ಮಿಲಿಮೀಟರ್ ಬಿಟ್ಟರು. ತಾಗಿಸಿದರೆ ಬೆಸುಗೆ ಮೇಲ್ಮೈಗಷ್ಟೇ ಹತ್ತುವುದು, ಒಳಗಿನವರೆಗೆ ಇಳಿಯಬೇಕಾದರೆ ಸಂದು ಬೇಕು ಎಂದರು. ಹಾಗೆಯೇ ಒಂದು ಕಡೆ ಚುಕ್ಕೆ ಬೆಸುಗೆ ಹಾಕಿ, ತಣಿಯಲು ಬಿಟ್ಟು, ಎದುರಿನ ಕಡೆಗೆ ಹೋಗುತ್ತಿದ್ದರು. ಒಂದೇ ಸಮನೆ ಸುಟ್ಟರೆ ಉಕ್ಕು ಆ ಕಡೆಗೇ ಸೊಟ್ಟಗಾಗುವುದಂತೆ.

ಅವ್ವ ಕಾಲು ಮಡಿಸಿ ಕುಳಿತೇ ಉಣ್ಣುವವಳು. ಅವಳಿಗಾಗಿ ಅಗಲವಾದ ಒಂದು ಬಾಂಕನ್ನೂ ಮಾಡಿಸಿದೆವು. ಮಡಿಸಿದ ಮೊಣಕಾಲಿಗೆ ತಾಗದಂತೆ ಬಳೆಯನ್ನು ಅಂಚಿನಿಂದ 22 ಸೆಂಟಿಮೀಟರ್ ಒಳಕ್ಕೆ ಸರಿಸಿದೆವು.

ಮೂರು ಊರುಗಳಲ್ಲಿ ಮೂವರು ಕಸಬುದಾರರು, ಒಬ್ಬರನ್ನೊಬ್ಬರು ಕಾಣದವರು, ನಮಗೆ ಹೇಳಿದ್ದು ಒಂದೇ ಮಾತು: ಸಂದು ಬಿಡಿರಿ. ಮರ ಉಬ್ಬಲು, ಎರಕ ಕುಗ್ಗಲು, ಬೆಸುಗೆ ಒಳಗಿಳಿಯಲು. ನಾಲ್ಕನೆಯ ಮಾತನ್ನು ಅವ್ವನ ಕೈ ಹೇಳಿತ್ತು. ಪುಸ್ತಕದ ಕನ್ನಡದಲ್ಲಿ ಇದಕ್ಕೆ ‘ಎಡೆ’ ಎನ್ನುತ್ತೇವೆ. ಎಡೆಯೆಂದರೆ ತೆರಪು, ಸ್ಥಳ. ಅವ್ವನ ಮಾತಿನಲ್ಲಿ ‘ಎಡಿ’ ಎಂದರೆ ಬಡಿಸಿದ ಗಂಗಾಳ. ಒಬ್ಬರಿಗೆ ಬಡಿಸುವುದೆಂದರೆ ಅವರಿಗೆ ಸ್ಥಳ ಬಿಡುವುದೆಂದು ನಮ್ಮ ಭಾಷೆ ಎಂದೋ ತಿಳಿದುಕೊಂಡಿತ್ತು; ನಾವು ತಿಳಿದದ್ದು ಮೇಜು ಮಾಡಿಸಿದ ಮೇಲೆ.

ಅದೂ ಪೂರ್ತಿಯಾಗಿ ತಿಳಿದದ್ದು ದಸರೆಯ ದಿನ. ಬನ್ನಿ ಕೊಡುವ ನೆಪದಲ್ಲಿ ಮೂವರು ಕಸಬುದಾರರನ್ನೂ ಊಟಕ್ಕೆ ಕರೆದಿದ್ದೆವು. ಮಿಸ್ತ್ರಿ ಅವರ ಕಡೆಯ ರೂಢಿಯಂತೆ ಆಪ್ಟೆಯ ಎಲೆ ತಂದರು, ನಾವು ಬನ್ನಿ ಕೊಟ್ಟೆವು, ಎರಡೂ ಬಂಗಾರವೇ. ಎಲ್ಲರೂ ಕುಳಿತರು. ಬಡಿಗೇರರು ಕಾಣಲಿಲ್ಲ. ನೋಡಿದರೆ ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಗಡಹಿಂಗ್ಲಜದ ಮನೆಯಲ್ಲಿ ಅವರಿಗೂ ಅವರ ತಂದೆಗೂ ಊಟ ಹೊರಗಿನ ಕಟ್ಟೆಯ ಮೇಲೆ ನಡೆಯುತ್ತಿತ್ತು; ಬಡಿಸುತ್ತಿದ್ದವಳೂ ಅವ್ವನೇ. ನಮಗೆ ಏನು ಹೇಳಬೇಕೆಂದು ತೋಚಲಿಲ್ಲ. ಕೊಲ್ಲಾಪುರದ ಶಾಹೂ ಮಹಾರಾಜರು (1874–1922), ದಲಿತನಾದ ಗಂಗಾರಾಮ ಕಾಂಬಳೆಗೆ ಚಹದ ಅಂಗಡಿ ಹಾಕಿಸಿಕೊಟ್ಟು, ಎಲ್ಲರೆದುರು ಅಲ್ಲಿಯ ಚಹ ಕುಡಿದ ಕತೆಯನ್ನು ನಾವು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇವೆ! ನಮ್ಮ ಮನೆಯ ಕಟ್ಟೆಯ ಕತೆಯನ್ನು ಮಾತ್ರ ಹೇಳಿರಲಿಲ್ಲ.

ಮಾತಾಡಿದವಳು ಅವ್ವ. ಬಾಂಕಿನಿಂದಲೇ ಕೂಗಿದಳು: “ಅಲ್ಯಾಕ ಕುಂತಿಯೋ ತಮ್ಮಾ? ಮೇಜು ನೀ ಮಾಡಿ, ಉಣ್ಣೂದು ನಾವಷ್ಟ ಏನು? ಬಾ, ನನ್ನ ಬಾಜೂಕ ಕುಂಡ್ರು.” ಅವರು ಬಂದು ಕುಳಿತರು. ಲೆಕ್ಕದಂತೆ ಏಳು ಜನರ ಮೇಜು, ನಾವು ಎಂಟು ಜನ. ಮಕ್ಕಳು ಒತ್ತಿಕೊಂಡರು, ಎಂಟು ಎಡೆಯೂ ಹಿಡಿಸಿದವು. ಊಟವಾದ ಮೇಲೆ ಅವ್ವ ಮೇಜಿನ ಮೇಲೆ ಕೈಯೂರಿ, ಯಾರ ನೆರವೂ ಇಲ್ಲದೆ ಎದ್ದಳು.

ಈಗ ದಿನಕ್ಕೊಂದು ಹೊತ್ತಾದರೂ ಐವರೂ ಒಟ್ಟಿಗೆ ಉಣ್ಣುತ್ತೇವೆ. ಟಿವಿ ಆಗ ಮುಚ್ಚಿರುತ್ತದೆ. ಮಾತು ಕನ್ನಡದಲ್ಲಿಯೇ ಆಗಬೇಕೆಂಬ ಕಟ್ಟಳೆಯನ್ನು ನಾವು ಹಾಕಿಲ್ಲ. ಬಿಗಿದು ಕಟ್ಟಿದರೆ ಏನಾಗುವುದೆಂದು ಬಡಿಗೇರರು ಹೇಳಿದ್ದಾರಲ್ಲ! 2024ರ ಬೇಸಗೆಯಲ್ಲಿ ಮಕ್ಕಳು ಮೇಜಿನ ಕೆಳಗೆ ತೂರಿ, ಒಂದು ಬೋಲ್ಟಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದಿಟ್ಟರು. ಆಷಾಢದ ಮಳೆ ಹಿಡಿದ ಒಂದು ಸಂಜೆ ಕಿರಿಯವಳು ಅಳತೆಪಟ್ಟಿ ಹಿಡಿದು ಮತ್ತೆ ಒಳಗೆ ಹೋದಳು. ಅಲ್ಲಿಂದಲೇ ಕೂಗಿದಳು:

“ಅಜ್ಜೀ, ಮೂರು ಮಿಲಿಮೀಟರ್ ಉಬ್ಬೇತಿ!”

“ಉಬ್ಬಲಿ ಬಿಡು,” ಎಂದಳು ಅವ್ವ. “ಊಟಕ್ಕ ಬಾ.”